ಅವರ ಕೈಕೆಳಗೆ ಕಲಿತವರು ಎಷ್ಟು ಜನ?

ಪ್ರಿಯ ಓದುಗರೇ, ನಮಸ್ಕಾರ.

ನಿಮ್ಮ ಪತ್ರ ಬಂದು ಎರಡು ವಾರವಾಯಿತು. ಉತ್ತರ ತಡವಾಗಿದ್ದಕ್ಕೆ ಕ್ಷಮಿಸಿ. ಸುಮ್ನೆ ಎರಡು ಸಾಲು ಬರೆದು ಮುಗಿಸುವ ವಿಷಯ ಇದಲ್ಲ ಅನಿಸಿತು.

ಬೇರೆ ಓದುಗರಿಗಾಗಿ ನೀವು ಬರೆದದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ನೀವು 22 ವರ್ಷದಿಂದ ಎಲೆಕ್ಟ್ರಿಷಿಯನ್, ಈಗ ಒಂದು ತಂಡದ ಸೂಪರ್‌ವೈಸರ್. ನಮ್ಮ ಮಹಿಳಾ ವಿಶೇಷ ಸಂಚಿಕೆಯಲ್ಲಿ ಡಾಕ್ಟರು, ಅಧಿಕಾರಿಗಳು, ಕಲಾವಿದರು ಎಲ್ಲರೂ ಇದ್ದರು. ಕೈಯಲ್ಲಿ ಉಪಕರಣ ಹಿಡಿದು ದುಡಿಯುವವರು ಒಬ್ಬರೇ, ಒಬ್ಬ ವೆಲ್ಡರ್. ಅವರನ್ನೂ ನಾವು ‘ಗಂಡಸರ ಲೋಕಕ್ಕೆ ಕಾಲಿಟ್ಟ ಮೊದಲ ಮಹಿಳೆ’ ಎಂದು ಬರೆದು ಮುಗಿಸಿದ್ದೆವು. ‘ಅವರ ಕೆಲಸ ಹೇಗಿದೆ, ಯಾರಿಗೆ ಕಲಿಸಿದ್ದಾರೆ ಅಂತ ಒಂದು ಸಾಲೂ ಇಲ್ಲವಲ್ಲ’ ಎಂದು ನೀವು ಕೇಳಿದ್ದೀರಿ. ನಿಮಗೆ ಕೆಲಸ ಕಲಿಸಿದ ಹಿರಿಯರೂ ಒಬ್ಬ ಮಹಿಳೆಯೇ. 14 ಜನರನ್ನು ಪಳಗಿಸಿದ ಅವರು ಹೋದ ವರ್ಷ ನಿವೃತ್ತರಾದಾಗ ಬೀಳ್ಕೊಡುಗೆಯಲ್ಲಿ ಅವರ ಬಗ್ಗೆ ಉಳಿದವರು ಹೇಳಿದ್ದು ಒಂದೇ ಮಾತು, ‘ಸಮಯಕ್ಕೆ ಸರಿಯಾಗಿ ಬರುತ್ತಿದ್ದರು’ ಅಂತ. ಕೊನೆಗೆ ಒಂದು ಪ್ರಶ್ನೆ: ಹೆಂಗಸರಿಗೆ ಬೇರೆಯೇ ಪ್ರಶಸ್ತಿ ಇಟ್ಟರೆ ಅದು ಗೌರವವೋ, ಪಕ್ಕಕ್ಕೆ ಕೂರಿಸುವುದೋ?

ಮೊದಲಿಗೆ, ತಪ್ಪು ನಮ್ಮದು. ‘ಮೊದಲ ಮಹಿಳೆ’ ಎಂಬ ತಲೆಬರಹ ನಮಗೆ ಬಲು ಸುಲಭ. ಒಬ್ಬರೇ ಹೋಗಿ ನಿಲ್ಲಲು ಧೈರ್ಯ ಬೇಕು, ನಿಜ. ಆದರೆ ಅಷ್ಟೇ ಹೇಳಿದರೆ ಓದುವ ಹುಡುಗಿಗೆ ಏನನಿಸುತ್ತದೆ? ‘ಅವರೇನೋ ಗಟ್ಟಿಗಿತ್ತಿ, ನನ್ನಂಥವಳಿಗೆ ಇದು ಆಗಲ್ಲ’ ಅನಿಸುತ್ತದೆ. ಅವರ ಹಿಂದೆ ಎರಡನೆಯವರು, ಮೂರನೆಯವರು ಹೇಗೆ ಬಂದರು, ಅವರನ್ನು ಯಾರು ಕರೆತಂದರು ಎಂದು ನಾವು ಕೇಳಲೇ ಇಲ್ಲ.

ಕೇಳದೇ ಹೋದರೆ ಏನಾಗುತ್ತದೆ ಎಂಬುದಕ್ಕೆ ಲಂಡನ್ನಿನ ವಾಟರ್‌ಲೂ ಸೇತುವೆ ಸಾಕ್ಷಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅದನ್ನು ಕಟ್ಟಿದವರಲ್ಲಿ ನೂರಾರು ಹೆಂಗಸರಿದ್ದರು. ಅವರಲ್ಲಿ ವೆಲ್ಡರ್‌ಗಳೂ ಇದ್ದರು. 1945ರ ಡಿಸೆಂಬರ್‌ನಲ್ಲಿ ಸೇತುವೆ ಉದ್ಘಾಟಿಸಿದ ಆಗಿನ ಬ್ರಿಟಿಷ್ ಸಚಿವ ಹರ್ಬರ್ಟ್ ಮಾರಿಸನ್, ಇದನ್ನು ಕಟ್ಟಿದ ಗಂಡಸರು ಅದೃಷ್ಟವಂತರು, ಅವರ ಹೆಸರು ಮರೆತರೂ ಕೆಲಸ ಉಳಿಯುತ್ತದೆ ಎಂಬ ಅರ್ಥದ ಮಾತಾಡಿದರು. ಹೆಂಗಸರ ಮಾತೇ ಬರಲಿಲ್ಲ. ನದಿಯಲ್ಲಿ ದೋಣಿ ನಡೆಸುವವರು ಮಾತ್ರ ಅದನ್ನು ‘ಹೆಂಗಸರ ಸೇತುವೆ’ ಎಂದು ಕರೆಯುತ್ತಲೇ ಬಂದರು. ಸಂರಕ್ಷಿತ ಕಟ್ಟಡಗಳ ಸರ್ಕಾರಿ ಪಟ್ಟಿಯಲ್ಲಿ ಆ ಹೆಂಗಸರ ಪ್ರಸ್ತಾಪ ಸೇರಿದ್ದು 2015ರಲ್ಲಿ. 70 ವರ್ಷ! ದುಡಿದವರಲ್ಲಿ ಎಷ್ಟು ಜನ ಅದನ್ನು ನೋಡಲು ಉಳಿದಿದ್ದರು? ಈ ಕಥೆ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಇನ್ನೊಂದು ಕಥೆಯೂ ಇದೆ. ನಿಮ್ಮದೇ ಕಸುಬಿನದು, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. 1920ರ ದಶಕದಲ್ಲಿ ಇಂಗ್ಲೆಂಡಿನ ಹಳ್ಳಿಗಳಿಗೆ ಕರೆಂಟ್ ತರುವ ಕೆಲಸವನ್ನು ಮಾರ್ಗರೆಟ್ ಪಾರ್ಟ್ರಿಜ್ ಎಂಬವರು ತಮ್ಮದೇ ಕಂಪನಿ ಕಟ್ಟಿ ಮಾಡುತ್ತಿದ್ದರು. ಹುಡುಗಿಯರನ್ನು ಅಪ್ರೆಂಟಿಸ್ ಆಗಿ ಸೇರಿಸಿಕೊಳ್ಳುತ್ತಿದ್ದರು. ಹಾಗೆ ಬಂದವರಲ್ಲಿ ಒಬ್ಬರು ಬಿಯಾಟ್ರಿಸ್ ಶಿಲಿಂಗ್, ಹದಿಹರೆಯದ ಹುಡುಗಿ. ವೈರಿಂಗ್ ಮಾಡುವುದು, ಜನರೇಟರ್ ಕೂರಿಸುವುದು ಎಲ್ಲವನ್ನೂ ಕಲಿತರು. ಪಾರ್ಟ್ರಿಜ್ ಅಲ್ಲಿಗೇ ಬಿಡಲಿಲ್ಲ. ಮುಂದೆ ಓದು ಎಂದು ಹುರಿದುಂಬಿಸಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಲು ಕಳಿಸಿದರು. ಒಳ್ಳೆಯ ಕೆಲಸಗಾರರನ್ನು ಕಳೆದುಕೊಳ್ಳಲು ಯಾವ ಮಾಲೀಕರಿಗೆ ಮನಸ್ಸು ಬರುತ್ತದೆ ಹೇಳಿ?

ಮುಂದೆ ಯುದ್ಧ ಬಂತು. ಬ್ರಿಟಿಷ್ ಯುದ್ಧವಿಮಾನಗಳು ಮೂತಿ ಕೆಳಗೆ ಮಾಡಿ ಧುಮುಕಿದ ಕೂಡಲೇ ಪೆಟ್ರೋಲ್ ಹರಿವು ಏರುಪೇರಾಗಿ ಎಂಜಿನ್ ಕೈಕೊಡುತ್ತಿತ್ತು. ಹರಿವನ್ನು ಹಿಡಿತದಲ್ಲಿಡಲು ನಡುವೆ ತೂತಿರುವ ಪುಟ್ಟ ಲೋಹದ ಸಾಧನವೊಂದನ್ನು ರೂಪಿಸಿದವರು ಶಿಲಿಂಗ್. 1941ರಲ್ಲಿ ಚಿಕ್ಕ ತಂಡ ಕಟ್ಟಿಕೊಂಡು ವಿಮಾನ ನೆಲೆಗಳಿಗೆ ತಾವೇ ಹೋಗಿ ಅದನ್ನು ಕೂರಿಸಿಕೊಟ್ಟರು. ಇವತ್ತು ಶಿಲಿಂಗ್ ಹೆಸರು ಅಷ್ಟಿಷ್ಟಾದರೂ ಕೇಳಿಬರುತ್ತದೆ. ಪಾರ್ಟ್ರಿಜ್ ಹೆಸರು ಕೇಳಿದವರು ತೀರಾ ಕಡಿಮೆ. ಕಲಿಸಿದವರ ಪಾಡೇ ಇದು, ಅಲ್ವಾ?

ಯಾಕೆ ಹೀಗೆ? ನನಗೆ ತೋಚುವ ಒಂದು ಕಾರಣ, ಕಲಿಸಿದ್ದು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಎಷ್ಟು ಪಾಯಿಂಟ್ ವೈರಿಂಗ್ ಆಯಿತು, ಎಷ್ಟು ಅಡಿ ಪೈಪ್ ಎಳೆದರು ಎಂಬುದು ದಿನದ ರಿಪೋರ್ಟ್‌ನಲ್ಲಿ ಇರುತ್ತದೆ. ಹೊಸಬರ ಪಕ್ಕ ಅರ್ಧ ಗಂಟೆ ನಿಂತು ತಿದ್ದಿದ್ದಕ್ಕೆ ಅಲ್ಲಿ ಜಾಗವಿಲ್ಲ. ಅಷ್ಟು ಹೊತ್ತು ಕೆಲಸ ಹಿಂದೆ ಬಿತ್ತು ಎಂದು ಬೇಕಾದರೆ ಬರೆದಾರು. ಇನ್ನೊಂದು ನನಗೆ ಬಹಳ ಚುಚ್ಚುವ ವಿಷಯ. ಗಂಡಸು ಕಲಿಸಿದರೆ ‘ನನ್ನ ಗುರುಗಳು’ ಅನ್ನುತ್ತೇವೆ. ಹೆಂಗಸು ಕಲಿಸಿದರೆ ‘ತಾಯಿ ಥರ ನೋಡಿಕೊಂಡರು’ ಅನ್ನುತ್ತೇವೆ. ಪ್ರೀತಿಯ ಮಾತೇ ಇರಬಹುದು. ಆದರೆ ಅಷ್ಟರಲ್ಲಿ ಅವರ ಹತ್ತಾರು ವರ್ಷದ ಕಸುಬು ಮಾಯವಾಗುತ್ತದೆ.

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಬೇರೆ ಪ್ರಶಸ್ತಿ ಇರಲಿ ಎಂಬುದೇ ನನ್ನ ಅಭಿಪ್ರಾಯ, ಈಗಿನ ಮಟ್ಟಿಗೆ. ಆದರೆ ಆರಿಸುವವರು ಅದೇ ಕಸುಬಿನವರಾಗಿರಬೇಕು. ವೆಲ್ಡಿಂಗ್ ಬೆಸುಗೆ ನೋಡಿ ಒಳ್ಳೆಯದು ಕೆಟ್ಟದ್ದು ಹೇಳಬಲ್ಲವರು ಕೂತು ಆರಿಸಿದರೆ ಯಾರೂ ‘ಹೆಂಗಸು ಅಂತ ಕೊಟ್ಟರು’ ಅನ್ನಲಾಗದು. ಹೆಸರು ಸೂಚಿಸುವ ಹಕ್ಕು ಕಲಿತವರಿಗೂ ಇರಬೇಕು, ಮಾಲೀಕರಿಗೆ ಮಾತ್ರ ಅಲ್ಲ. ಪ್ರಶಸ್ತಿಗೆ ಹೆಸರು ಬಂದವರ ಕೈಕೆಳಗೆ ಕಲಿತ ಗಂಡುಹುಡುಗರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹೆಂಗಸರಿಗೆ ಹೆಂಗಸರೇ ಗುರು ಎಂದು ಗೆರೆ ಎಳೆದರೆ ಅದೇ ನೀವು ಹೇಳಿದ ಪಕ್ಕಕ್ಕೆ ಕೂರಿಸುವ ಕೆಲಸ. ಮತ್ತೆ, ಫಲಕ ಕೊಟ್ಟು ಫೋಟೊ ತೆಗೆಸಿ ಮರುದಿನ ಹಳೇ ಸಂಬಳಕ್ಕೆ, ಅಳತೆಗೆ ಕೂರದ ಸೇಫ್ಟಿ ಬೆಲ್ಟಿಗೆ ವಾಪಸ್ ಕಳಿಸುವುದಾದರೆ ಆ ಫಲಕ ಬೇಡ. ಕಲಿಸುವ ಹೊತ್ತಿಗೆ ಸಂಬಳ ಕೊಡಲಿ. ಕಲಿತವರ ಸರ್ಟಿಫಿಕೇಟಿನಲ್ಲಿ ಕಲಿಸಿದವರ ಹೆಸರು ಬರಲಿ. ನನ್ನ ಕಣ್ಣಿಗೆ ಇವು ಫಲಕಕ್ಕಿಂತ ದೊಡ್ಡವು.

ನಮ್ಮ ಪಾಲಿನ ಕೆಲಸ ಶುರುವಾಗಿದೆ. ಮುಂದಿನ ವಿಶೇಷ ಸಂಚಿಕೆಗೆ ಹೆಸರು ಕೇಳುವ ಫಾರಂನಲ್ಲಿ ‘ಮೊದಲ ಮಹಿಳೆಯೇ?’ ಎಂಬ ಪ್ರಶ್ನೆ ತೆಗೆದಿದ್ದೇವೆ. ಆ ಜಾಗಕ್ಕೆ ‘ಅವರ ಕೈಕೆಳಗೆ ಕಲಿತವರು ಎಷ್ಟು ಜನ? ಅವರೀಗ ಎಲ್ಲಿದ್ದಾರೆ?’ ಎಂದು ಸೇರಿಸಿದ್ದೇವೆ.

ನಿಮ್ಮಿಂದ ಒಂದು ಉಪಕಾರವಾಗಬೇಕು. ಪತ್ರದ ನಡುವೆ ನೀವು ಒಂದು ಮಾತು ಬರೆದಿದ್ದೀರಿ. ಲೈನ್ ಮುಟ್ಟುವ ಮುಂಚೆ ಟೆಸ್ಟರನ್ನು ಕರೆಂಟ್ ಇರುವ ಕಡೆ ಒಮ್ಮೆ ಇಟ್ಟು ನೋಡು, ಆಮೇಲೆ ಕೆಲಸದ ಲೈನ್ ನೋಡು, ಮತ್ತೆ ಕರೆಂಟ್ ಇರುವ ಕಡೆ ಇಟ್ಟು ನೋಡು ಎಂದು ನಿಮಗೆ ಕೆಲಸ ಕಲಿಸಿದ ಆ ಹಿರಿಯರು ಮೊದಲ ದಿನವೇ ಹೇಳಿಕೊಟ್ಟರಂತೆ. ನಡುವೆ ಟೆಸ್ಟರೇ ಕೆಟ್ಟಿದ್ದರೆ ಕರೆಂಟ್ ಇರುವ ಲೈನೂ ಸತ್ತಂತೆ ಕಾಣುತ್ತದೆ, ಅದಕ್ಕೇ ಮೂರು ಸಲ. ಇಂಥವೇ ಬೇಕು. ಹೊಗಳಿಕೆ ಬೇಡ. ಅವರು ಏನೇನು ಹೇಳಿಕೊಟ್ಟರು, ನೀವು ತಪ್ಪಿದಾಗ ಹೇಗೆ ತಿದ್ದಿದರು, ಆ 14 ಜನ ಈಗ ಏನು ಮಾಡುತ್ತಿದ್ದಾರೆ, ಬರೆದು ಕಳಿಸಿ. ಅವರು ಒಪ್ಪಿದರೆ ಅವರ ಹೆಸರಿನೊಂದಿಗೇ ಹಾಕುತ್ತೇವೆ. ಎರಡು ಪುಟ ಖಾಲಿ ಇಟ್ಟು ಕಾಯುತ್ತಿದ್ದೇನೆ.

ನಿಮ್ಮ,
ಸಂಪಾದಕ