ಸಮುದ್ರ ಆಮ್ಯಾಲ ನೋಡ್ರಿ, ಮೊದ್ಲ ಸ್ಟೇಷನ್ ಪಾರ್ಕಿಂಗ್ ನೋಡ್ರಿ

ನಿಮ್ಮ ಪ್ರಶ್ನಿ ಓದಿ ಫೋನ್ ನಮ್ಮಾಕಿ ಕೈಯಾಗ ಕೊಟ್ಟೆ, "ಇದು ನೀವ ಬರದಂಗ ಐತಲ್ರಿ" ಅಂದ್ಲು. ಕೊಪ್ಪಳದ ಕಡೆಯವ್ರು, ನ್ಯೂಯಾರ್ಕ್‌ನ ಮ್ಯಾನ್‌ಹಾಟನ್‌ನಾಗ ಕೆಲಸ, 2 ವರ್ಷದ ಮಗ, ಬಾಜೂ ರಾಜ್ಯ ಕನೆಕ್ಟಿಕಟ್‌ನ ಸಮುದ್ರದ ದಂಡಿ ಊರುಗಳಾಗ ಯಾವುದು ಚಲೋ ಅಂತ ಕೇಳೀರಿ. ನಾನು ಗಂಗಾವತಿಯಾವ, 2014ರಾಗ ನಾನೂ ಇಂಥಾ ಒಂದು ಊರಾಗ ಬಾಡಿಗಿ ಮನಿ ಹಿಡದು ಮ್ಯಾನ್‌ಹಾಟನ್‌ಗೆ ಕೆಲಸಕ್ಕ ಹೋಗತಿದ್ದೆ. ಊರಿನ ಹೆಸರು ಬ್ಯಾಡ, ನ್ಯೂಯಾರ್ಕ್‌ನಿಂದ ಬರೋ ನ್ಯೂ ಹೇವನ್ ರೈಲು ಲೈನ್‌ನಾಗ ಸ್ಟ್ಯಾಮ್‌ಫರ್ಡ್ ಅನ್ನೋ ಸಿಟಿ ದಾಟಿದ ಮ್ಯಾಲ ಬರತೈತಿ ಅಷ್ಟ.

ನಾನು ಸಣ್ಣಾವಿದ್ದಾಗ ಗಂಗಾವತಿಗೆ ರೈಲೇ ಇರಲಿಲ್ರಿ, ಹೊಸಪೇಟಿಗೋ ಕೊಪ್ಪಳಕ್ಕೋ ಹೋಗಿ ಹಿಡೀಬೇಕಿತ್ತು. ಅಂಥಾವಂಗ ಸಮುದ್ರದ ಬಾಜೂಕ ಮನಿ, 3 ಮೈಲಿಗೆ ಸ್ಟೇಷನ್, ಅಲ್ಲಿಂದ ಸೀದಾ ಮ್ಯಾನ್‌ಹಾಟನ್‌ನ ಗ್ರ್ಯಾಂಡ್ ಸೆಂಟ್ರಲ್ ಸ್ಟೇಷನ್, ಇಳದ್ರ ಆಫೀಸ್ ನಡಕೊಂಡು ಹೋಗೋ ದೂರ ಅಂದ್ರ ತಲಿ ತಿರುಗದ ಇರತೈತೇನು. ಬಾಡಿಗಿ ಕೇಳಿ ಎದಿ ಧಸಕ್ಕಂದ್ರೂ ಸಹಿ ಹಾಕಿಬಿಟ್ಟೆ.

ತಪ್ಪಾಗಿದ್ದು ಎಲ್ಲಿ ಅಂದ್ರ, ಮನಿ ನೋಡಾಕ ಭಾನುವಾರ ಹೋಗಿದ್ದು. ಇದನ್ನ ಸ್ವಲ್ಪ ಬಿಡಿಸಿ ಹೇಳತೀನಿ, ಯಾಕಂದ್ರ ನೀವೂ ಇದನ್ನ ಮಾಡೋರಿದ್ದೀರಿ. ಏಜೆಂಟ್ ಅಮ್ಮ ತನ್ನ ಕಾರಿನಾಗ ಕರಕೊಂಡು ಹೋದ್ಲು, "ಸ್ಟೇಷನ್‌ಗೆ ಎಂಟ ನಿಮಿಷ" ಅಂದ್ಲು, ನಾನು ಗಡಿಯಾರ ನೋಡಿದೆ, ಎಂಟ ನಿಮಿಷನ ಆತು, ಸ್ಟೇಷನ್ ಮುಂದ ಪಾರ್ಕಿಂಗ್ ಅರ್ಧಕ್ಕರ್ಧ ಖಾಲಿ ಬಿದ್ದಿತ್ತು. ಖಾಲಿ ಇರದ ಏನು, ಭಾನುವಾರ ಅಲ್ಲೇನು! ಸೋಮವಾರ ಹೋಗಿ ನೋಡಿದ್ರ ಪ್ರತಿ ಜಾಗಕ್ಕೂ "ಪರ್ಮಿಟ್ ಇದ್ದವರಿಗೆ ಮಾತ್ರ" ಅಂತ ಬೋರ್ಡು. ಪರ್ಮಿಟ್ ಕೇಳಾಕ ಹೋದ್ರ ವೇಟಿಂಗ್ ಲಿಸ್ಟ್ ಅಂದ್ರು. ಎಷ್ಟು ದಿನ ಅಂದೆ, ದಿನ ಅಲ್ಲ ವರ್ಷ ಅಂದ್ರು, ನಾಕೈದು ವರ್ಷ. ದಿನದ ಲೆಕ್ಕದಾಗ ಬಿಡೋ ಜಾಗ ಒಂದಿಷ್ಟಿದ್ವು, ಅವು ಬೆಳಿಗ್ಗೆ ಆರೂವರಿಗೆಲ್ಲಾ ತುಂಬತಿದ್ವು. ನಡಕೊಂಡು ಹೋಗೋಣಂದ್ರ ಆ ರೋಡಿಗೆ ಫುಟ್‌ಪಾತ್ ಇಲ್ಲ, ಲೈಟ್ ಇಲ್ಲ, ಎರಡೂ ಕಡೆ ಕಲ್ಲಿನ ಗ್ವಾಡಿ. ಬಸ್ ಇದ್ದೂ ಇಲ್ಲದಂಗ. ಹೆಂಡ್ತಿ ಬಿಟ್ಟು ಬರಲಿ ಅಂದ್ರ ಆಕಿಗೆ ಲೈಸೆನ್ಸ್ ಇಲ್ಲ, ಕನೆಕ್ಟಿಕಟ್‌ನಾಗ ದೊಡ್ಡವರೂ ಲರ್ನರ್ ಪರ್ಮಿಟ್ ತಗೊಂಡು 90 ದಿನ ಕಾದ ಮ್ಯಾಲನ ಟೆಸ್ಟ್. ಹಿಂಗಾಗಿ ಇರೋ ಒಂದ ಕಾರು ತಗೊಂಡು ನಾನು ಐದೂವರಿಗೆ ಮನಿ ಬಿಡತಿದ್ದೆ, ಅದು ಇಡೀ ದಿನ ಸ್ಟೇಷನ್‌ನಾಗ ನಿಂತಿರತಿತ್ತು, ಆಕಿ ಮಗನ್ನ ಕಟಿಗೊಂಡು ಮನಿಯಾಗ ಕುಂತಿರತಿದ್ಲು. ಹಾಲು ಬೇಕಂದ್ರೂ ನಾನು ರಾತ್ರಿ ಎಂಟಕ್ಕ ಬರೋತನಕ ಕಾಯಬೇಕು. ಗಂಗಾವತಿಯೊಳಗ ಬಾಗಲಾ ತೆಗದ್ರ ನಾಕ ಮಂದಿ ಮಾತಾಡಸ್ತಾರ, ಇಲ್ಲಿ ಬಾಜೂ ಮನಿ ಗಿಡದ ಮರಿಗೆ ಇತ್ತು, ಆರು ತಿಂಗಳಾದ್ರೂ ಅವರ ಹೆಸರು ಗೊತ್ತಾಗಲಿಲ್ಲ.

ಸಮುದ್ರದ್ದು ಹೇಳತೀನಿ. ಡಿಸೆಂಬರ್‌ನಾಗ ನಾಕೂವರಿಗೆ ಹೊತ್ತು ಮುಣಗತೈತಿ. ಕತ್ತಲದಾಗ ಹೋಗಿ ಕತ್ತಲದಾಗ ಬಂದೆ, ವಾರಪೂರ್ತಿ ಸಮುದ್ರ ಕಂಡಿದ್ದ ಇಲ್ಲ. ಕಂಡ್ರೂ ಅಲಿ ಗಿಲಿ ಇಲ್ರಿ, ಎದುರಿಗೆ ಲಾಂಗ್ ಐಲ್ಯಾಂಡ್ ಅಡ್ಡ ಬಂದೈತಲ್ಲ, ನಮ್ಮ ತುಂಗಭದ್ರಾ ಡ್ಯಾಮಿನ ಹಿನ್ನೀರು ನೋಡಿದಂಗ. ಬ್ಯಾಸಗಿಯಾಗ ನ್ಯೂ ಜೆರ್ಸಿಯ ಎಡಿಸನ್‌ನಿಂದ ಸಿಂಧನೂರಿನ ಗೆಳೆಯ ಮಂಡಕ್ಕಿ ಒಗ್ಗರಣಿ, ಮಿರ್ಚಿ ಕಟಿಗೊಂಡು ಬಂದ, ಬೀಚಿನಾಗ ನನ್ನ ಕಾರಿಗೆ ಊರಿನವರ ಸ್ಟಿಕರ್ ಐತಿ, ಅವನ ಕಾರಿಗಿಲ್ಲ, ಅವ ಪಾರ್ಕಿಂಗ್‌ಗೆ ಕೊಟ್ಟ ರೊಕ್ಕದಾಗ ಎಲ್ಲಾರೂ ಹೋಟೆಲ್‌ನಾಗ ಉಣಬಹುದಿತ್ತು. ಕನೆಕ್ಟಿಕಟ್‌ನ ಇನ್ನೊಂದು ದಂಡಿ ಊರು ಗ್ರೀನಿಚ್‌ನಾಗಂತೂ ಮೊದ್ಲ ಹೊರಗಿನವರನ್ನ ಒಳಗ ಬಿಡತಿರಲಿಲ್ಲ, ಜಾಗಿಂಗ್‌ಗೆ ಹೋದ ಲಾ ಓದೋ ಹುಡುಗನ್ನ ತಡದ್ರು, ಅವ ಕೇಸ್ ಹಾಕಿ 2001ರಾಗ ಕನೆಕ್ಟಿಕಟ್ ಸುಪ್ರೀಂ ಕೋರ್ಟ್‌ನಾಗ ಗೆದ್ದ. ಬೀಚು ಎಲ್ಲಾರದೂ ಆತು, ಪಾರ್ಕಿಂಗ್ ರೇಟ್ ಮಾತ್ರ ಊರಿನವರಿಗೊಂದು ಪರ ಊರಿನವರಿಗೊಂದು.

ಇನ್ನ ಚಳಿಗಾಲದಾಗ ಮನಿ ಬೆಚ್ಚಗಿಡಾಕ ಎಣ್ಣಿ ಟ್ಯಾಂಕರ್ ಬರತೈತಿ, ಹಳೇ ಮನಿಗಳಾಗ ನೆಲಮಾಳಿಗಿಯಾಗ ಟ್ಯಾಂಕ್ ಇರತೈತಿ, ಮೊದಲನೇ ಬಿಲ್ ನೋಡಿದ ಮ್ಯಾಲ ನಾವು ಮನಿಯಾಗೂ ಸ್ವೆಟರ್ ಹಾಕ್ಕೊಂಡ ಕುಂತ್ವಿ. ಗಾಳಿಗೆ ಗಿಡ ಬಿದ್ದು ವೈರ್ ಹರದ್ರ ಎರಡೆರಡು ದಿನ ಕರೆಂಟ್ ಇಲ್ಲ. ಕಾರಿಗೂ ವರ್ಷಾ ಊರಿನವರು ಪ್ರಾಪರ್ಟಿ ಟ್ಯಾಕ್ಸ್ ಹಾಕತಾರ, ಅದನ್ನೂ ಲೆಕ್ಕದಾಗ ಇಟಗೋರಿ.

"ಶಾಲಿ ಚಲೋ ಅದಾವ" ಅಂತ ಬರದೀರಿ. ಅದಾವ, ಸುಳ್ಳಲ್ಲ. ಊರಿನವರ ಮನಿ ಟ್ಯಾಕ್ಸ್‌ನಿಂದ ನಡಿಯೋ ಶಾಲಿ ಅವು, ಆ ಟ್ಯಾಕ್ಸ್ ನಿಮ್ಮ ಬಾಡಿಗಿಯೊಳಗ ಸೇರಿರತೈತಿ. ಆದ್ರ ನಿಮ್ಮ ಮಗಗ 2 ವರ್ಷ, ಕಿಂಡರ್‌ಗಾರ್ಟನ್ 5ಕ್ಕ. ಮೂರು ವರ್ಷ ಯಾರ ಮಕ್ಕಳ ಶಾಲಿಗೆ ರೊಕ್ಕ ಕಟ್ಟತೀರಿ? ನಾನು ಕಟ್ಟಿದ್ದೆ, ಅದಕ್ಕ ಕೇಳತೀನಿ.

ಹಂಗಾಗಿ ಯಾವ ಊರು ಚಲೋ ಅನ್ನೋ ಪ್ರಶ್ನಿನ ತಪ್ಪು ಅನಸತೈತಿ ನನಗ. ನೀವು ರೈಲು ಹತ್ತಿದ ಮ್ಯಾಲ ಮನಿಯಾಗ ಉಳಿಯೋರು ಏನು ಮಾಡತಾರ, ಅದನ್ನ ಕೇಳ್ರಿ. ಹೆಂಡ್ರಿಗೆ ಡ್ರೈವಿಂಗ್ ಬರಲ್ಲಂದ್ರ ಸ್ಟ್ಯಾಮ್‌ಫರ್ಡ್ ಸ್ಟೇಷನ್ ಹತ್ರ ಸಣ್ಣ ಅಪಾರ್ಟ್‌ಮೆಂಟ್ ಹಿಡೀರಿ, ಎಕ್ಸ್‌ಪ್ರೆಸ್ ರೈಲು ನಿಲ್ಲತಾವ, ಇಂಡಿಯನ್ ಅಂಗಡಿ ಅದಾವ, ಸಮುದ್ರ ಅಲ್ಲೂ ಐತಿ. ನಾವು 2015ರ ಆಗಸ್ಟ್‌ನಾಗ ಲೀಸ್ ಮುಗಿಯೂ ಪುರಸೊತ್ತಿಲ್ಲ, ಅಲ್ಲಿಗೇ ಹೋದ್ವಿ. ಅಲ್ಲಿಗೆ ಹೋಗಿ ತಿಂಗಳಾಗೋದ್ರೊಳಗ ನಮ್ಮಾಕಿ ತಾನ ಹೋಗಿ ಕೊತ್ತಂಬರಿ ತಂದು ಟೇಬಲ್ ಮ್ಯಾಲ ಇಟ್ಟಿದ್ಲು, ನನಗ ತೋರಿಸಾಕಂತ. ಅಂದ್ರೂ ದೊಡ್ಡ ಮನೀನ ಬೇಕಂದ್ರ ಮಂಗಳವಾರ ಬೆಳಿಗ್ಗೆ ಆರಕ್ಕ ಆ ಸ್ಟೇಷನ್ ಮುಂದ ಹೋಗಿ ನಿಂದರ್ರಿ, ಆಮ್ಯಾಲ ಮನಿ ನೋಡ್ರಿ.

ಆ ಸ್ಟೇಷನ್ ಪಾರ್ಕಿಂಗ್ ಪರ್ಮಿಟ್‌ನ ವೇಟಿಂಗ್ ಲಿಸ್ಟಿನಿಂದ ಹೆಸರು ತಗಸೋದು ಮರತಿದ್ದೆ. 2019ರಾಗ ಗಂಗಾವತಿಗೆ ವಾಪಸ್ ಬಂದ ಮ್ಯಾಲ, ನೆಲ್ಲಿನ ನಾಟಿ ನಡದಾಗ ಕಾಲುವಿ ದಂಡಿಗೆ ನಿಂತಿದ್ದೆ, ಈಮೇಲ್ ಬಂತು, ನಿಮ್ಮ ಪಾಳಿ ಬಂದೈತಿ, ಪರ್ಮಿಟ್ ತಗೋರಿ ಅಂತ. ನಮ್ಮಾಕಿಗೆ ಓದಿ ಹೇಳಿದೆ. "ತಗೊಂಬಿಡ್ರಿ, ಟ್ರ್ಯಾಕ್ಟರ್ ನಿಲ್ಲಸಾಕ ಆಗತೈತಿ" ಅಂದ್ಲು.