ಒಂದೇ ಸಂಬಳ, ಎರಡು ಊರು: ಮಗಳಿಗೆ ನ್ಯೂಯಾರ್ಕೋ, ಹ್ಯೂಸ್ಟನ್ನೋ?

ಪ್ರಶ್ನೆ: ನಾವು ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಬಹಳ ವರ್ಷಗಳಿಂದ ನೆಲೆಸಿದ್ದೇವೆ. ಇಲ್ಲೇ ಹುಟ್ಟಿ ಬೆಳೆದ ಮಗಳು ಕಾನೂನು ಪದವಿಯ ಕೊನೆಯ ವರ್ಷದಲ್ಲಿದ್ದಾಳೆ. ದೊಡ್ಡ ಲಾ ಫರ್ಮ್ ಒಂದು ಅವಳಿಗೆ ಕೆಲಸ ಕೊಟ್ಟು, ನ್ಯೂಯಾರ್ಕ್ ಮತ್ತು ಹ್ಯೂಸ್ಟನ್ ಕಚೇರಿಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಹೇಳಿದೆ. ಎರಡೂ ಕಡೆ ಸಂಬಳ ವರ್ಷಕ್ಕೆ 2,25,000 ಡಾಲರ್. ಓದಿನ ಸಾಲ 2 ಲಕ್ಷ ಡಾಲರ್ ಇದೆ. ನನ್ನ ಯಜಮಾನರು ಜೀವನವೆಚ್ಚದ ಸೂಚ್ಯಂಕ ನೋಡಿ, ಹ್ಯೂಸ್ಟನ್ನಿನ ಈ ಸಂಬಳ ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್ನಿನ ಐದು ಲಕ್ಷಕ್ಕೂ ಹೆಚ್ಚಿನದಕ್ಕೆ ಸಮ ಎನ್ನುತ್ತಾರೆ. ಅದು ನಿಜವೇ? ಮಗಳು ಹತ್ತಿರವಿರಲಿ ಎಂಬ ಆಸೆ ನನಗಿದೆ, ಆದರೆ ಅದರಿಂದ ಅವಳಿಗೆ ನಷ್ಟವಾಗಬಾರದು.
— ಒಬ್ಬ ತಾಯಿ, ನ್ಯೂಜೆರ್ಸಿ

ಉತ್ತರ: ನಿಮ್ಮ ಯಜಮಾನರು ನೋಡಿದ ಸೂಚ್ಯಂಕ ಸುಳ್ಳಲ್ಲ, ಅದನ್ನು ಬಳಸಿದ ರೀತಿ ಸರಿಯಿಲ್ಲ. ದೇಶದ ಸರಾಸರಿಯನ್ನು 100 ಎಂದು ಇಟ್ಟುಕೊಂಡರೆ ಮ್ಯಾನ್‌ಹಟನ್ 200ನ್ನು ದಾಟುತ್ತದೆ, ಹ್ಯೂಸ್ಟನ್ 100ಕ್ಕಿಂತ ತುಸು ಕೆಳಗೆ ನಿಲ್ಲುತ್ತದೆ. ಆದರೆ ಆ ಅಂಕಿ ಅಳೆಯುವುದು ಊರಿನಲ್ಲಿ ಖರ್ಚಾಗುವ ಹಣವನ್ನು ಮಾತ್ರ. ಕೇಂದ್ರ ಸರ್ಕಾರದ ತೆರಿಗೆ, ಓದಿನ ಸಾಲದ ಕಂತು, ನಿವೃತ್ತಿಗೆಂದು ತೆಗೆದಿಡುವ ಹಣ ಇವೆಲ್ಲ ಯಾವ ಊರಿಗೆ ಹೋದರೂ ಅಷ್ಟೇ ಇರುತ್ತವೆ. ಇಡೀ ಸಂಬಳವನ್ನು ಸೂಚ್ಯಂಕದಿಂದ ಗುಣಿಸಿದರೆ ಬದಲಾಗದ ಈ ಭಾಗವೂ ಹಿಗ್ಗಿಬಿಡುತ್ತದೆ. ಐದು ಲಕ್ಷದ ಲೆಕ್ಕ ಹುಟ್ಟಿದ್ದು ಹಾಗೆ.

ಸಂಬಳ ಎರಡೂ ಊರಿನಲ್ಲಿ ಒಂದೇ ಆಗಿರುವುದಕ್ಕೂ ಕಾರಣವಿದೆ. 2023ರ ನವೆಂಬರಿನಲ್ಲಿ ಮಿಲ್‌ಬ್ಯಾಂಕ್ ಎಂಬ ಲಾ ಫರ್ಮ್ ಮೊದಲ ವರ್ಷದ ಅಸೋಸಿಯೇಟ್‌ಗಳ, ಅಂದರೆ ಸಂಬಳಕ್ಕೆ ದುಡಿಯುವ ಕಿರಿಯ ವಕೀಲರ, ಸಂಬಳವನ್ನು 2,15,000ದಿಂದ 2,25,000ಕ್ಕೆ ಏರಿಸಿತು. ಅದೇ ತಿಂಗಳು ಕ್ರವಾತ್ ಎಂಬ ಇನ್ನೊಂದು ಲಾ ಫರ್ಮ್ ಹಿರಿಯರ ಅಂಕಿಗಳನ್ನು ಇನ್ನಷ್ಟು ಮೇಲಕ್ಕೆ ಒಯ್ದು, ಎಂಟನೆಯ ವರ್ಷಕ್ಕೆ 4,35,000 ಡಾಲರ್ ಎಂದು ಗೊತ್ತುಮಾಡಿತು. ಕ್ರವಾತ್ ಸ್ಕೇಲ್ ಎಂದು ಕರೆಯುವ ಈ ಪಟ್ಟಿಯನ್ನು ಹಲವು ದೊಡ್ಡ ಸಂಸ್ಥೆಗಳು ತಮ್ಮ ಎಲ್ಲ ಪ್ರಮುಖ ಕಚೇರಿಗಳಿಗೂ ಅನ್ವಯಿಸುತ್ತವೆ. ಆದ್ದರಿಂದ ವ್ಯತ್ಯಾಸವನ್ನು ತೆರಿಗೆ, ಬಾಡಿಗೆ ಮತ್ತು ಓಡಾಟದಲ್ಲಿ ಹುಡುಕಬೇಕು.

2024ರ ತೆರಿಗೆ ದರಗಳನ್ನು ಹಿಡಿದು, ಒಂಟಿಯಾಗಿ ತೆರಿಗೆ ಕಟ್ಟುವವರ ಪೂರ್ಣ ವರ್ಷದ ಲೆಕ್ಕ ನೋಡೋಣ. ಕೇಂದ್ರದ ಆದಾಯ ತೆರಿಗೆ ಸುಮಾರು 45 ಸಾವಿರ, ಸೋಷಿಯಲ್ ಸೆಕ್ಯೂರಿಟಿ (ಸರ್ಕಾರಿ ಪಿಂಚಣಿ) ಮತ್ತು ಮೆಡಿಕೇರ್ (ಹಿರಿಯರ ಆರೋಗ್ಯ ವಿಮೆ) ಕಡಿತ ಸುಮಾರು 14 ಸಾವಿರ. ಟೆಕ್ಸಾಸ್ ರಾಜ್ಯಕ್ಕೆ ಆದಾಯ ತೆರಿಗೆಯೇ ಇಲ್ಲದ ಕಾರಣ ಹ್ಯೂಸ್ಟನ್ನಿನಲ್ಲಿ ಕೈಗೆ 1,66,000 ಬರುತ್ತದೆ, ಅಂದರೆ ತಿಂಗಳಿಗೆ 13,800. ನ್ಯೂಯಾರ್ಕಿನಲ್ಲಿ ರಾಜ್ಯದ ತೆರಿಗೆ ಮತ್ತು ನಗರದ ತೆರಿಗೆ ಸೇರಿ ಇನ್ನೂ 21 ಸಾವಿರ ಹೋಗುತ್ತದೆ. ಉಳಿಯುವುದು ತಿಂಗಳಿಗೆ ಸುಮಾರು 12 ಸಾವಿರ. ಆರೋಗ್ಯ ವಿಮೆಯ ಕಡಿತವನ್ನು ಎರಡೂ ಕಡೆ ಬಿಟ್ಟಿದ್ದೇನೆ.

ಈಗ ಸಾಲ. 2 ಲಕ್ಷ ಡಾಲರಿಗೆ ಶೇಕಡಾ 7.5 ಬಡ್ಡಿ ಎಂದು ಹಿಡಿದರೆ, ಹತ್ತು ವರ್ಷದ ಅವಧಿಗೆ ತಿಂಗಳ ಕಂತು 2,370ರ ಸುತ್ತ ಬರುತ್ತದೆ. ಅದನ್ನು ಕಳೆದ ಮೇಲೆ ಮ್ಯಾನ್‌ಹಟನ್ನಿನಲ್ಲಿ ಒಂದು ಮಲಗುವ ಕೋಣೆಯ ಮನೆಗೆ 4,500 ಬಾಡಿಗೆ, ಸಬ್‌ವೇಗೆ 150 ಎಂದಿಟ್ಟರೆ ಕೈಯಲ್ಲಿ 5,000 ನಿಲ್ಲುತ್ತದೆ. ಅಲ್ಲಿನ ಮನೆ ಮಾಲೀಕರು ಸಾಮಾನ್ಯವಾಗಿ ತಿಂಗಳ ಬಾಡಿಗೆಯ 40 ಪಟ್ಟು ವಾರ್ಷಿಕ ಆದಾಯ ಕೇಳುತ್ತಾರೆ. 4,500ಕ್ಕೆ 1,80,000 ಸಾಕಾಗುವುದರಿಂದ ನೀವು ಜಾಮೀನು ನಿಲ್ಲುವ ಪ್ರಶ್ನೆ ಬರಲಾರದು. ಹ್ಯೂಸ್ಟನ್ನಿನಲ್ಲಿ ಅಂಥದೇ ಮನೆಗೆ 2,000 ಸಾಕು, ಆದರೆ ಕಾರಿಲ್ಲದೆ ಬದುಕುವುದು ಕಷ್ಟ. ಕಾರಿನ ಕಂತು, ವಿಮೆ, ಪೆಟ್ರೋಲ್, ಪಾರ್ಕಿಂಗ್‌ಗೆ ತಿಂಗಳಿಗೆ ಸಾವಿರ ಡಾಲರ್ ಎತ್ತಿಟ್ಟರೂ 8,400ಕ್ಕೆ ಕಡಿಮೆಯಿಲ್ಲದೆ ಉಳಿಯುತ್ತದೆ. ಅಂತರ ವರ್ಷಕ್ಕೆ 40 ಸಾವಿರ ಡಾಲರ್. ಇದು ಚಿಕ್ಕ ಮೊತ್ತವಲ್ಲ, ಆದರೆ ಸಂಬಳ ದುಪ್ಪಟ್ಟಾದಂತೆಯೂ ಅಲ್ಲ.

ನೀವು ಕೇಳದ ಮೂರನೆಯ ದಾರಿಯೊಂದನ್ನು ಇಲ್ಲಿ ಹೇಳಲೇಬೇಕು. ನ್ಯೂಯಾರ್ಕ್ ನಗರದ ಆದಾಯ ತೆರಿಗೆ ಅಲ್ಲಿ ವಾಸಿಸುವವರಿಗೆ ಮಾತ್ರ. ಅಲ್ಲಿ ಕೆಲಸ ಮಾಡಿ ನ್ಯೂಜೆರ್ಸಿಯಲ್ಲಿ ವಾಸಿಸುವವರಿಗಿಲ್ಲ. ನ್ಯೂಯಾರ್ಕ್ ರಾಜ್ಯದ ತೆರಿಗೆಯನ್ನು ಮಾತ್ರ ಕಟ್ಟಲೇಬೇಕು, ಅದಕ್ಕೆ ನ್ಯೂಜೆರ್ಸಿ ತನ್ನ ತೆರಿಗೆಯಲ್ಲಿ ವಿನಾಯಿತಿ ಕೊಡುತ್ತದೆ. ಮಗಳು ಮ್ಯಾನ್‌ಹಟನ್ನಿನ ಎದುರು ದಡದಲ್ಲಿರುವ ನ್ಯೂಜೆರ್ಸಿಯ ಜೆರ್ಸಿ ಸಿಟಿಯಲ್ಲಿ ಮನೆ ಮಾಡಿದರೆ ವರ್ಷಕ್ಕೆ ಸುಮಾರು 8 ಸಾವಿರ ಡಾಲರ್ ತೆರಿಗೆ ಉಳಿಯುತ್ತದೆ. ಬಾಡಿಗೆ 3,400ರ ಮನೆ ಸಿಕ್ಕರೆ ಹ್ಯೂಸ್ಟನ್ನಿಗೂ ಇದಕ್ಕೂ ಇರುವ ಅಂತರ ಅರ್ಧಕ್ಕೆ, ಅಂದರೆ 20 ಸಾವಿರಕ್ಕೆ ಇಳಿಯುತ್ತದೆ. ನಿಮ್ಮ ಮನೆಯಲ್ಲೇ ಇದ್ದರೆ ಬಾಡಿಗೆಯೂ ಇಲ್ಲವಲ್ಲ ಎಂದು ನಿಮಗೆ ಅನಿಸಬಹುದು. ನಾನು ಅದನ್ನು ಸೂಚಿಸಲಾರೆ. ಇಂಥ ಸಂಸ್ಥೆಗಳಲ್ಲಿ ಬೋನಸ್ಸಿಗೆ ವರ್ಷಕ್ಕೆ 1,900ರಿಂದ 2,000 ಗಂಟೆಗಳ ಕೆಲಸಕ್ಕೆ ಕಕ್ಷಿದಾರರ ಹೆಸರಿನಲ್ಲಿ ಬಿಲ್ ತೋರಿಸಬೇಕಾಗುತ್ತದೆ, ಬಿಲ್ ಮಾಡಲಾಗದ ಕೆಲಸ ಅದರ ಮೇಲೆ. ರಾತ್ರಿ ಹನ್ನೆರಡಕ್ಕೆ ಕಚೇರಿ ಬಿಟ್ಟವರು ಎಡಿಸನ್ನಿನ ರೈಲಿಗೆ ಕಾದು, ಮುಕ್ಕಾಲು ಗಂಟೆಗೂ ಹೆಚ್ಚು ಪ್ರಯಾಣ ಮಾಡಿ, ಬೆಳಿಗ್ಗೆ ಮತ್ತೆ ಹೊರಡುವುದನ್ನು ಕೆಲವು ವಾರ ಸಹಿಸಬಹುದು, ವರ್ಷಗಟ್ಟಲೆ ಅಲ್ಲ. ಜೆರ್ಸಿ ಸಿಟಿಗೆ ಪಾತ್ ರೈಲು ಇಡೀ ರಾತ್ರಿ ಓಡುತ್ತದೆ, ನದಿ ದಾಟಿದರೆ ಮನೆ. ಭಾನುವಾರದ ಊಟಕ್ಕೆ ನಿಮ್ಮಲ್ಲಿಗೂ ಬರಬಹುದು.

ಈ 20 ಸಾವಿರದ ಎದುರು ತೂಗಬೇಕಾದದ್ದು ಕೆಲಸದ ಬಗೆ. ಹ್ಯೂಸ್ಟನ್ ಕಚೇರಿಗಳ ಬಲ ತೈಲ, ಅನಿಲ ಮತ್ತು ವಿದ್ಯುತ್ ಕ್ಷೇತ್ರದ ವ್ಯವಹಾರಗಳಲ್ಲಿದೆ. ಬ್ಯಾಂಕು, ಬಂಡವಾಳ ಮಾರುಕಟ್ಟೆ, ಕಂಪನಿಗಳ ವಿಲೀನದ ದೊಡ್ಡ ಕೆಲಸ ನ್ಯೂಯಾರ್ಕಿನಲ್ಲಿ ಹೆಚ್ಚು. ಇಂಧನ ಕ್ಷೇತ್ರ ನಿಮ್ಮ ಮಗಳಿಗೆ ಇಷ್ಟವಾಗಿದ್ದರೆ ಹ್ಯೂಸ್ಟನ್ನಿಗೇ ಹೋಗಲಿ, ಸಾಲವೂ ಬೇಗ ತೀರುತ್ತದೆ. ಹಾಗಿಲ್ಲದಿದ್ದರೆ 20 ಸಾವಿರ ಡಾಲರಿಗಾಗಿ ಇಷ್ಟವಿಲ್ಲದ ಕ್ಷೇತ್ರವನ್ನು ಆರಿಸಿಕೊಳ್ಳುವುದು ಬೇಡ. ಮೂರನೆಯ ವರ್ಷದ ಸಂಬಳವೇ 2,60,000 ಆಗುತ್ತದೆ, ಆದರೆ ಅಲ್ಲಿಯವರೆಗೆ ಕೆಲಸದಲ್ಲಿ ನಿಲ್ಲಲು ಮನಸ್ಸು ಬೇಕು. ಮಗಳು ಹತ್ತಿರವಿರಲಿ ಎಂದು ನೀವು ಆಸೆಪಡುವುದರಲ್ಲಿ ತಪ್ಪೇನೂ ಇಲ್ಲ. ಅದನ್ನು ಅವಳಿಗೆ ಬಾಯಿಬಿಟ್ಟು ಹೇಳಿ, ಲೆಕ್ಕದ ಹಾಳೆಯನ್ನೂ ಕೈಗೆ ಕೊಡಿ.

ಆರಿಸುವ ಮೊದಲು ಆಕೆ ಸಂಸ್ಥೆಯನ್ನು ಕೇಳಬೇಕಾದದ್ದು ಎರಡು ವಿಷಯ: ಮುಂದಿನ ವರ್ಷಗಳ ಏರಿಕೆಯೂ ಎರಡೂ ಕಚೇರಿಗಳಿಗೆ ಒಂದೇ ಪಟ್ಟಿಯಂತೆ ಸಿಗುತ್ತದೆಯೇ, ಬೋನಸ್ಸಿನ ಗಂಟೆಗಳ ಮಿತಿ ಎರಡೂ ಕಡೆ ಒಂದೇ ಆಗಿದೆಯೇ. ವಕೀಲಿ ಪರವಾನಗಿಗೆ ಬರೆಯುವ ಬಾರ್ ಪರೀಕ್ಷೆ ಈ ನಿರ್ಧಾರಕ್ಕೆ ಅಷ್ಟಾಗಿ ಅಡ್ಡಬರುವುದಿಲ್ಲ. ಎರಡೂ ರಾಜ್ಯಗಳು ಏಕರೂಪ ಬಾರ್ ಪರೀಕ್ಷೆಯನ್ನೇ ನಡೆಸುತ್ತವೆ; ನ್ಯೂಯಾರ್ಕಿಗೆ 266 ಅಂಕ, ಟೆಕ್ಸಾಸಿಗೆ 270 ಅಂಕ ಬೇಕು. ಅಂಕಗಳನ್ನು ನಿಗದಿತ ಅವಧಿಯೊಳಗೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ವರ್ಗಾಯಿಸಲು ಅವಕಾಶವಿರುವುದರಿಂದ, ನ್ಯೂಯಾರ್ಕಿನಲ್ಲಿ ಬರೆದರೂ 270ರ ಗುರಿ ಇಟ್ಟುಕೊಂಡು ಓದಲು ಹೇಳಿ.