ಕಣಕಾಲಿನ ನೋವಿದ್ದೂ ಮೂರು ವಾರದಲ್ಲಿ ವೇದಿಕೆ ಏರಬಹುದೇ?

ಎಕ್ಸ್‌ರೇಯಲ್ಲಿ ಏನೂ ಕಾಣದಿರುವುದರಿಂದ ಪ್ರದರ್ಶನದವರೆಗೆ ಯಾವ ನೋವುನಿವಾರಕ ತೆಗೆದುಕೊಳ್ಳಬೇಕೆಂದು ಕೇಳಿದ್ದೀರಿ. 22ನೇ ವಯಸ್ಸಿನಲ್ಲಿ ನಾನು ಕೇಳಿದ್ದೂ ಇದನ್ನೇ.

ದಿನಕ್ಕೆ ಎರಡು ಗಂಟೆಯಿದ್ದ ನೃತ್ಯಾಭ್ಯಾಸವನ್ನು ಒಂದೇ ವಾರದಲ್ಲಿ ಐದು ಗಂಟೆಗೆ ಏರಿಸಿ, ಗಟ್ಟಿ ಕಾಂಕ್ರೀಟ್ ನೆಲದ ಮೇಲೆ ನೆಗೆತಗಳನ್ನೇ ಮತ್ತೆ ಮತ್ತೆ ಮಾಡುತ್ತಿದ್ದೆ. ಮೊದಲು ಕಣಕಾಲಿನ, ಅಂದರೆ ಮೊಣಕಾಲಿನಿಂದ ಪಾದದವರೆಗಿನ ಭಾಗದ, ಒಳ ಅಂಚಿನುದ್ದಕ್ಕೂ ಹರಡಿದ್ದ, ಮೈ ಬಿಸಿಯಾದಂತೆ ತಗ್ಗುತ್ತಿದ್ದ ನೋವು ಕ್ರಮೇಣ ಬೆರಳ ತುದಿಯಿಂದ ತೋರಿಸಬಹುದಾದ ಒಂದೇ ಜಾಗದಲ್ಲಿ ನೆಲೆಸಿ, ಮಲಗಿದಾಗಲೂ ಕಾಡತೊಡಗಿತು. ಎಕ್ಸ್‌ರೇ ನೋಡಿದ ವೈದ್ಯರು, ಸದ್ಯಕ್ಕೆ ಏನೂ ಕಾಣುತ್ತಿಲ್ಲ, ಕಾಲಿಗೆ ವಿಶ್ರಾಂತಿ ಕೊಟ್ಟು ಎರಡು ವಾರ ಬಿಟ್ಟು ಬನ್ನಿ ಎಂದರು. ನನ್ನ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ.

ನಾನು ಮಾಡಿದ ತಪ್ಪು ಅದೇ, ಅದನ್ನು ಬಿಡಿಸಿ ಹೇಳಲೇಬೇಕು. ಪದೇ ಪದೇ ಬೀಳುವ ಭಾರದಿಂದ ಮೂಳೆಯಲ್ಲಿ ಮೂಡುವ ಕೂದಲೆಳೆಯಂಥ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಗೆ ಸಿಗದಿರುವುದೇ ಹೆಚ್ಚು. ಮೂಳೆ ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳುತ್ತ ಹೊಸ ಪದರ ಕಟ್ಟತೊಡಗಿದ ಮೇಲಷ್ಟೇ ಅದರ ಗುರುತು ಕಾಣಿಸಿಕೊಳ್ಳುತ್ತದೆ. ಎಂಆರ್‌ಐ ಅದನ್ನು ಬಹಳ ಮೊದಲೇ ತೋರಿಸುತ್ತದೆ. ಇದನ್ನರಿಯದೆ ಆ ಎಕ್ಸ್‌ರೇ ಚಿತ್ರವನ್ನು ಅನುಮತಿಪತ್ರವೆಂದು ಭಾವಿಸಿ, ಮಾತ್ರೆ ನುಂಗಿ ಹತ್ತು ದಿನ ಕುಣಿದೆ. ಮಾತ್ರೆ ನೋವನ್ನು ಮರೆಮಾಡಿತೇ ಹೊರತು ಪ್ರತಿ ನೆಗೆತದಲ್ಲೂ ಮೂಳೆಯ ಮೇಲೆ ಬೀಳುತ್ತಿದ್ದ ಹೊರೆಯನ್ನು ಎಳ್ಳಷ್ಟೂ ಇಳಿಸಲಿಲ್ಲ. ಹನ್ನೊಂದನೆಯ ದಿನ ಕಾಲೂರಲಾಗಲಿಲ್ಲ. ಆರೆಂಟು ವಾರದಲ್ಲಿ ಕೂಡಿಕೊಳ್ಳಬಹುದಾಗಿದ್ದ ಬಿರುಕಿಗೆ ಏಳು ತಿಂಗಳು ತೆತ್ತೆ.

ಆದ್ದರಿಂದ ನಿಮಗೆ ಯಾವ ಮಾತ್ರೆಯ ಹೆಸರನ್ನೂ ಹೇಳಲಾರೆ. ಆ ಪ್ರಶ್ನೆಯನ್ನೇ ಕೈಬಿಡಿ ಎನ್ನುತ್ತೇನೆ. ಒತ್ತಿದರೆ ಒಂದೇ ಜಾಗದಲ್ಲಿ ಚುಚ್ಚುತ್ತದೆ, ರಾತ್ರಿಯೂ ನೋಯುತ್ತದೆ ಎಂದು ನೀವೇ ಬರೆದಿರುವುದರಿಂದ ನೆಗೆತಗಳನ್ನು ಇಂದೇ ನಿಲ್ಲಿಸಿ, ಕ್ರೀಡಾವೈದ್ಯರನ್ನು ಕಂಡು ಎಂಆರ್‌ಐ ಬೇಕೇ ಎಂದು ಕೇಳಿ. ನೋವು ಕಣಕಾಲಿನ ಮುಂದಿನ ಅಂಚಿನಲ್ಲಿದ್ದರೆ ಒಂದು ದಿನವನ್ನೂ ಕಳೆಯಬೇಡಿ: ಅಲ್ಲಿನ ಬಿರುಕು ಬಹಳ ನಿಧಾನವಾಗಿ ಕೂಡುತ್ತದೆ, ಕೆಲವೊಮ್ಮೆ ಶಸ್ತ್ರಚಿಕಿತ್ಸೆಯವರೆಗೂ ಹೋಗುತ್ತದೆ. ಮೂರು ತಿಂಗಳಿಂದ ಮುಟ್ಟಾಗಿಲ್ಲವೆಂದು ಕೊನೆಯಲ್ಲಿ ಸೇರಿಸಿದ್ದೀರಲ್ಲ, ವೈದ್ಯರಿಗೆ ಅದನ್ನು ಮೊದಲೇ ಹೇಳಿ. ಶ್ರಮಕ್ಕೆ ತಕ್ಕಷ್ಟು ಉಣ್ಣದ ದೇಹದಲ್ಲಿ ಮುಟ್ಟು ನಿಲ್ಲಬಹುದು, ಮೂಳೆಯೂ ಸವೆಯಬಹುದು.

ನಿಮ್ಮ ಗುರುಗಳಿಗೂ ಇಂದೇ ತಿಳಿಸಿ. ಮೂರು ವಾರವಿರುವಾಗ ನಿಮ್ಮ ಜಾಗಕ್ಕೆ ಇನ್ನೊಬ್ಬರನ್ನು ಸಿದ್ಧಪಡಿಸಬಹುದು. ನಾನು ಬಿದ್ದಾಗ ತಂಡಕ್ಕೆ ಉಳಿದಿದ್ದದ್ದು ಎರಡೇ ದಿನ.